ಮೇಷ್ಟ್ರು ಬರೆದುಕೊಳ್ಳದೆ ಬಿಟ್ಟ ಮಾತು

ನಮ್ಮ ಶಾರ್ಟ್‌ಹ್ಯಾಂಡ್ ಮೇಷ್ಟ್ರು ಜಯನಗರದ ತಮ್ಮ ಇನ್‌ಸ್ಟಿಟ್ಯೂಟನ್ನು ಮುಚ್ಚುತ್ತಿದ್ದಾರೆ ಎಂಬ ಸುದ್ದಿ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಬಂದ ದಿನ ನಾನು ಕೋರ್ಟಿನಲ್ಲಿ ಒಂದು ಅಪಘಾತದ ಪ್ರಕರಣದ ಸಾಕ್ಷಿ ಬರೆದುಕೊಳ್ಳುತ್ತಿದ್ದೆ. ಊಟದ ಬಿಡುವಿನಲ್ಲಿ ಫೋನು ತೆಗೆದರೆ ಪರದೆ ತುಂಬ ಕೈಮುಗಿದ ಚಿತ್ರಗಳು, ಹೂಗುಚ್ಛಗಳು. ಜೆ.ಪಿ. ನಗರದ ಒಂದು ಸಭಾಂಗಣದಲ್ಲಿ ಸನ್ಮಾನವಂತೆ, ಒಂದು ಸ್ಮರಣ ಸಂಚಿಕೆಯಂತೆ. ಗುಂಪಿನ ಹಿರಿಯರೊಬ್ಬರು ನನ್ನ ಹೆಸರು ಹಿಡಿದೇ ಬರೆದಿದ್ದರು: "ನೀವು ಮೇಷ್ಟ್ರ ಮೆಚ್ಚಿನ ಶಿಷ್ಯೆ. ನೀವು ಬರೆಯದೆ ಸಂಚಿಕೆ ಹೇಗಮ್ಮಾ? ಎರಡು ಪುಟ ಕೊಡಿ."

ಬರೆಯಲು ಕೂತೆ. ಸಂಚಿಕೆಗೆ ಹೋಗುವಂಥ ಎರಡು ಪುಟ ಬರಲಿಲ್ಲ. ಬಂದದ್ದು ಇದು.

ಕೋರ್ಟ್ ಸ್ಟೆನೋ ಆಗುವುದು ಹೇಗೆ ಎಂದು ಈಗಲೂ ಎಷ್ಟೋ ಹುಡುಗಿಯರು ನನ್ನನ್ನು ಕೇಳುತ್ತಾರೆ. ಟೈಪಿಂಗ್ ಮತ್ತು ಶಾರ್ಟ್‌ಹ್ಯಾಂಡ್ ಎರಡರಲ್ಲೂ ಜೂನಿಯರ್, ಸೀನಿಯರ್ ಪರೀಕ್ಷೆ ಪಾಸು ಮಾಡಬೇಕು. ಕೋರ್ಟಿನವರು ಅರ್ಜಿ ಕರೆದಾಗ ಹಾಕಬೇಕು. ಅಲ್ಲಿ ಒಬ್ಬರು ಗಡಿಯಾರ ನೋಡಿಕೊಂಡು ಓದುತ್ತಾರೆ, ನಾವು ಗೆರೆಗಳಲ್ಲಿ ಬರೆದುಕೊಂಡು, ಆಮೇಲೆ ತಪ್ಪಿಲ್ಲದೆ ಟೈಪ್ ಮಾಡಿ ಕೊಡಬೇಕು. ಹೇಳಲು ಎರಡು ನಿಮಿಷ ಸಾಕು. ಕಲಿಯಲು ನನಗೆ ಮೂರು ವರ್ಷ ಹಿಡಿಯಿತು. ಕಲಿಸಿದವರು ಮೇಷ್ಟ್ರು.

ಪಿಯುಸಿ ಮುಗಿಸಿ, ಡಿಗ್ರಿಗೆ ಹೋಗಲಾಗದೆ ಮನೆಯಲ್ಲಿದ್ದೆ. ಅಮ್ಮ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರಲ್ಲಿ ಶರ್ಟಿನ ಕಾಲರ್ ಹೊಲಿಯುತ್ತಿದ್ದಳು. ಮಗಳೂ ಅದೇ ಲೈನಿಗೆ ಬರಬಾರದು ಎಂಬುದೊಂದೇ ಅವಳ ಹಟ. ಯಾರೋ ಹೇಳಿದರೆಂದು ಒಂದು ಭಾನುವಾರ ನನ್ನನ್ನು ಗೊಟ್ಟಿಗೆರೆಯಿಂದ ಬಸ್ಸು ಹತ್ತಿಸಿಕೊಂಡು ಜಯನಗರಕ್ಕೆ ಕರೆತಂದಳು. ಬಟ್ಟೆ ಅಂಗಡಿಯೊಂದರ ಮೇಲೆ ಕಿರಿದಾದ ಮೆಟ್ಟಿಲು, ಹತ್ತಿದರೆ ಉದ್ದನೆಯ ಕೋಣೆ, ಎರಡು ಸಾಲು ಟೈಪ್‌ರೈಟರು, ಮೂಲೆಯಲ್ಲಿ ನಾಲ್ಕು ಕಂಪ್ಯೂಟರು. ಹಣೆಯ ತುಂಬ ವಿಭೂತಿ ಧರಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟ ಒಬ್ಬರು ಬ್ಲೇಡಿನಲ್ಲಿ ಪೆನ್ಸಿಲ್ ಚೂಪು ಮಾಡುತ್ತ ಕೂತಿದ್ದರು. ಮೂವತ್ತು ವರ್ಷಕ್ಕೂ ಮೇಲೆ ಕೋರ್ಟಿನಲ್ಲಿ ಸ್ಟೆನೋ ಆಗಿದ್ದು ನಿವೃತ್ತರಾದವರು.

"ಜಗಳ ಕೇಳೋ ಅಭ್ಯಾಸ ಇದೆಯಾ?" ಎಂದು ಕೇಳಿದರು.

ನಾನು ತಬ್ಬಿಬ್ಬಾದೆ. ಅಮ್ಮ, "ನಮ್ ಬೀದಿ ತುಂಬ ಅದೇ ಸಾರ್" ಅಂದಳು.

"ಹಾಗಾದ್ರೆ ಅರ್ಧ ಕಲ್ತಿದ್ದಾಳೆ. ಸೋಮವಾರದಿಂದ ಕಳಿಸಿ."

ಅವರ ಪಾಠದ ರೀತಿಯೇ ಬೇರೆ. ಕಿಟಕಿಗಳನ್ನೆಲ್ಲ ತೆರೆದಿಟ್ಟು ಡಿಕ್ಟೇಷನ್ ಕೊಡುತ್ತಿದ್ದರು. ಕೆಳಗೆ ಆಟೋ ಹಾರನ್ನು, ಹೂವಿನವರ ಕೂಗು, ಬಸ್ಸಿನ ಬ್ರೇಕು. ಯಾರಾದರೂ ಗೊಣಗಿದರೆ, "ಕೋರ್ಟಲ್ಲಿ ನಿಮಗೋಸ್ಕರ ಫ್ಯಾನ್ ಆಫ್ ಮಾಡ್ತಾರಾ?" ಎನ್ನುವರು. ಶಾರ್ಟ್‌ಹ್ಯಾಂಡಿನಲ್ಲಿ ಸಣ್ಣ ಗೆರೆ ಎಳೆದರೆ ಒಂದು ಅಕ್ಷರ, ಅದನ್ನೇ ಒತ್ತಿ ಎಳೆದರೆ ಇನ್ನೊಂದು. ಒತ್ತು ತಪ್ಪಿದರೆ ಪುಟದ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ, "ನಿನ್ನ ತಪ್ಪಿಗೆ ಈತ ಈಗ ಜೈಲಿನಲ್ಲಿದ್ದಾನೆ" ಎಂದು ಬರೆಯುತ್ತಿದ್ದರು. ನಾವು ನಗುತ್ತಿದ್ದೆವು. ಅವರು ನಗುತ್ತಿರಲಿಲ್ಲ.

ತಮ್ಮ ಕೋರ್ಟಿನ ಕತೆಗಳನ್ನು ಹೇಳುವಾಗ ಮಾತ್ರ ಮುಖ ಸಡಿಲವಾಗುತ್ತಿತ್ತು. ಒಮ್ಮೆ ಸಾಕ್ಷಿಕಟ್ಟೆಯಲ್ಲಿ ನಿಂತ ಹೆಂಗಸೊಬ್ಬಳು ಗಂಡ ತನ್ನನ್ನು ಏನೆಂದು ಬೈದ ಎಂಬುದನ್ನು ಅಕ್ಷರಶಃ ಹೇಳಿಬಿಟ್ಟಳಂತೆ. ಜಡ್ಜ್ ಮುಜುಗರಪಟ್ಟುಕೊಂಡು, "ಅವಾಚ್ಯ ಶಬ್ದಗಳಿಂದ ನಿಂದಿಸಿದನು ಅಂತ ಬರ್ಕೊಳ್ರೀ" ಎಂದರಂತೆ. ಇವರು ಎದ್ದು ನಿಂತು, "ಸ್ವಾಮಿ, ಆಕೆ ಇಷ್ಟು ಜನರ ಎದುರಿಗೆ ಬಾಯಿಬಿಟ್ಟು ಹೇಳಿದಾಳೆ. ಆಕೆ ಹೇಳಿದ್ದನ್ನೇ ಬರ್ಕೊಳ್ಲಾ?" ಎಂದು ಕೇಳಿದರಂತೆ. ಜಡ್ಜ್ ಆ ಹೆಂಗಸಿನ ಕಡೆ ತಿರುಗಿ ನೋಡಿ, "ಬರ್ಕೊಳ್ಳಿ" ಅಂದರಂತೆ. ಇದನ್ನು ನಮಗೆ ಎಷ್ಟು ಸಲ ಹೇಳಿದ್ದರೋ. ಪ್ರತಿ ಸಲವೂ ನಾನು ಪೆನ್ಸಿಲ್ ಕೆಳಗಿಟ್ಟು ಕೇಳುತ್ತಿದ್ದೆ.

ಅವರು ಕಲಿಸಿದ ಒಂದು ನಿಯಮವನ್ನು ಇಲ್ಲಿ ಹೇಳಲೇಬೇಕು. ಒಂದು ದಿನ ಡಿಕ್ಟೇಷನ್ನಿನಲ್ಲಿ ನನಗೊಂದು ಪದ ಕೇಳಿಸಲಿಲ್ಲ. ಹಿಂದುಮುಂದಿನ ಅರ್ಥ ನೋಡಿ ಒಂದು ಪದ ಹಾಕಿದೆ. ಅದು ಸರಿಯಾಗಿಯೇ ಇತ್ತು! ಆದರೂ ಪುಟವನ್ನು ಹರಿದು ಕೈಗೆ ಕೊಟ್ಟರು. "ಕೇಳಿಸಲಿಲ್ಲ ಅಂದ್ರೆ ಜಾಗ ಖಾಲಿ ಬಿಡು. ಎದ್ದು ನಿಂತು ಕೇಳು. ಬೈಸ್ಕೋ. ಊಹೆ ಮಾಡ್ಬೇಡ. ನೀನು ಸಾಕ್ಷಿ ಅಲ್ಲ."

ಸೀನಿಯರ್ ಪರೀಕ್ಷೆಯಲ್ಲಿ ನಾನು ಪಾಸಾದಾಗ ಸ್ಕೂಟರಿನಲ್ಲಿ ನಮ್ಮ ಮನೆ ಹುಡುಕಿಕೊಂಡು ಬಂದರು. ಗೊಟ್ಟಿಗೆರೆಯ ನಮ್ಮ ಕೇರಿಗೆ ವಿಭೂತಿ ಧರಿಸಿದವರು ಅಡ್ರೆಸ್ ಕೇಳಿಕೊಂಡು ಬಂದದ್ದು ಕಂಡು ಅಕ್ಕಪಕ್ಕದವರು ಹೊರಗೆ ಬಂದು ನಿಂತರು. ಬುದ್ಧನ ಪಟದ ಕೆಳಗೆ ಚಾಪೆಯ ಮೇಲೆ ಕೂತು ಅಮ್ಮ ಬಡಿಸಿದ ಮುದ್ದೆ, ಅವರೆಕಾಳಿನ ಸಾರು ಉಂಡರು. ಎರಡನೇ ಸಲ ಸಾರು ಹಾಕಿಸಿಕೊಂಡರು. ಅವರು ಹೋದ ಮೇಲೆ ಅಮ್ಮ ತಟ್ಟೆ ಹಿಡಿದುಕೊಂಡು ಅತ್ತಳು. ಇದೂ ಸುಳ್ಳಲ್ಲ. ಆಮೇಲೆ ಏನಾಯಿತೋ ಅದಕ್ಕಾಗಿ ಇದನ್ನು ಅಳಿಸಲು ನನಗೆ ಆಗುವುದಿಲ್ಲ.

ಕೋರ್ಟಿನ ನೇಮಕಾತಿ ಯಾವಾಗ ಬರುತ್ತದೋ ಗೊತ್ತಿರಲಿಲ್ಲ. ಅಷ್ಟರಲ್ಲಿ ಮೇಷ್ಟ್ರು ನನ್ನನ್ನು ತಮ್ಮ ಜೊತೆ ಆರ್ಬಿಟ್ರೇಷನ್ ಕೆಲಸಕ್ಕೆ ಕರೆದೊಯ್ಯತೊಡಗಿದರು. ಕೋರ್ಟಿನ ಹೊರಗೆ, ನಿವೃತ್ತ ನ್ಯಾಯಾಧೀಶರೊಬ್ಬರನ್ನು ಕೂರಿಸಿಕೊಂಡು ಎರಡೂ ಕಡೆಯವರು ವ್ಯಾಜ್ಯ ಬಗೆಹರಿಸಿಕೊಳ್ಳುವ ಏರ್ಪಾಡು ಅದು. ಅಲ್ಲೂ ಸಾಕ್ಷಿ, ಪಾಟೀಸವಾಲು ಎಲ್ಲ ಇರುತ್ತದೆ, ಬರೆದುಕೊಳ್ಳಲು ಸ್ಟೆನೋ ಬೇಕು. ಬೆಳಿಗ್ಗೆ ಅವರು, ಮಧ್ಯಾಹ್ನ ನಾನು. ಆದರೆ ಬೆಳಗಿನ ಸರದಿಯಲ್ಲೂ ನಾನು ಅವರ ಎಡಗಡೆ ಕೂತು ಬರೆದುಕೊಳ್ಳಬೇಕಿತ್ತು. ಆಗಾಗ ನನ್ನ ಪುಸ್ತಕದ ಕಡೆ ಕಣ್ಣು ಹಾಯಿಸುತ್ತಿದ್ದರು.

"ನಿನ್ನ ಗೆರೆ ನೋಡ್ತಿದ್ದೆ. ಚೆನ್ನಾಗಿ ಬರ್ತಿದೆ" ಎನ್ನುವರು.

ಮನೆಗೆ ಹೋಗುವ ಬಸ್ಸಿನಲ್ಲಿ ಅದನ್ನೇ ಮೆಲುಕು ಹಾಕುತ್ತ ನಿಂತಿರುತ್ತಿದ್ದೆ. ಅಂಥ ಮನುಷ್ಯ ಕೆಲಸದ ನಡುವೆ ನನ್ನ ಗೆರೆ ನೋಡುತ್ತಾರೆ!

ಒಂದು ಪ್ರಕರಣ ತಲಘಟ್ಟಪುರದ ಒಂದು ಕುಟುಂಬಕ್ಕೂ ಅಪಾರ್ಟ್‌ಮೆಂಟ್ ಕಟ್ಟಲು ಬಂದ ಬಿಲ್ಡರಿಗೂ ನಡುವಿನದು. ಕರಾರು ಇಂಗ್ಲಿಷಿನಲ್ಲಿತ್ತು. ಮನೆಯ ಹಿಂದಿನ ಹಿತ್ತಲು, ಬಾವಿ, ದನದ ಕೊಟ್ಟಿಗೆ ಕೂಡ ಅದರಲ್ಲಿ ಸೇರಿಹೋಗಿದೆಯೆಂದು ತಮಗೆ ಯಾರೂ ಹೇಳಲಿಲ್ಲ ಎಂಬುದು ಕುಟುಂಬದವರ ದೂರು. ಸಹಿ ಹಾಕಿದವಳು ಮನೆಯ ಹಿರಿಯ ಹೆಂಗಸು. ಅರವತ್ತರ ಮೇಲಿನ ವಯಸ್ಸು, ಹೆಸರು ಬರೆಯುವಷ್ಟೇ ಅಕ್ಷರ. ಅವಳೇ ಮುಖ್ಯ ಸಾಕ್ಷಿ. ಅವಳಿಗೋಸ್ಕರ ನ್ಯಾಯಾಧೀಶರು ಸಾಕ್ಷ್ಯವನ್ನು ಕನ್ನಡದಲ್ಲೇ ಬರೆಸಿದರು.

ಕನ್ನಡದ ಸಾಕ್ಷ್ಯಕ್ಕೆ ಅದರದೇ ಒಂದು ಧಾಟಿ ಇದೆ. ಎದುರಾಳಿ ವಕೀಲರು "ಹೀಗೆ ಆಯಿತು ಅಲ್ಲವೇ?" ಎಂದು ಕೇಳುತ್ತಾರೆ. ಸಾಕ್ಷಿ ಒಪ್ಪಿದರೆ "ಎಂದರೆ ಸರಿ" ಎಂದೂ, ಒಪ್ಪದಿದ್ದರೆ "ಎಂದರೆ ಸರಿಯಲ್ಲ" ಎಂದೂ ದಾಖಲಾಗುತ್ತದೆ. ಒಂದು ದಿನದಲ್ಲಿ ನೂರಾರು ಸಲ ಬರುವ ಮಾತು. ಬಾಲದಲ್ಲಿರುವ ಆ "ಅಲ್ಲ"ದ ಮೇಲೆ ಇಡೀ ಮನೆ ನಿಂತಿರುತ್ತದೆ.

ಅವಳ ಪಾಟೀಸವಾಲಿನ ಮಧ್ಯಾಹ್ನ ಸರದಿ ನನ್ನದು. ಮಾರನೆಯ ದಿನ ನನಗೊಂದು ಪರೀಕ್ಷೆ ಇತ್ತು. ನಾಲ್ಕೂವರೆಗೆ ಮೇಷ್ಟ್ರು ಬಂದು ಭುಜ ತಟ್ಟಿದರು. "ನೀನು ಹೊರಡಮ್ಮ, ಓದ್ಕೋ. ಇನ್ನರ್ಧ ಗಂಟೆ ನಾನು ಕೂತ್ಕೋತೀನಿ."

"ಹಾಜರಿ ಹಾಳೇಲಿ ಹೇಗೆ ಬರೀಲಿ ಸಾರ್?"

"ಪೂರ್ತಿ ಮಧ್ಯಾಹ್ನ ಅಂತಲೇ ಸಹಿ ಹಾಕು. ನಾನಿಲ್ವಾ."

ಸಹಿ ಹಾಕಿ, ಎಂದಿನಂತೆ ನನ್ನ ಪುಸ್ತಕವನ್ನು ಅವರಿಗೊಪ್ಪಿಸಿ ಹೊರಟೆ. ಅಂದು ಕೆಲಸ ಮುಗಿಯುವಾಗ ಹೊತ್ತಾಗಿದ್ದರಿಂದ, ಮೇಷ್ಟ್ರು ಟೈಪ್ ಮಾಡಿಕೊಂಡು ಬರುವ ಸಾಕ್ಷ್ಯಕ್ಕೆ ಮುಂದಿನ ಸಲ ಸಹಿ ಪಡೆಯುವುದೆಂದಾಯಿತು. ಮುಂದಿನ ಸಲ ಆಕೆ ತೋರಿಸಿದ ಕಡೆಯಲ್ಲೆಲ್ಲ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಅದನ್ನೂ ಯಾರೂ ಅವಳಿಗೆ ಓದಿ ಹೇಳಲಿಲ್ಲ.

ನಾಲ್ಕೈದು ತಿಂಗಳ ಮೇಲೆ ಕೊನೆಯ ವಾದ. ಬಿಲ್ಡರ್ ಕಡೆಯ ವಕೀಲರು ಎದ್ದು ನಿಂತು ಆ ಸಾಕ್ಷ್ಯದ ಕೊನೆಯ ಪುಟ ಓದಿದರು: "ಕರಾರನ್ನು ನನಗೆ ಕನ್ನಡದಲ್ಲಿ ಓದಿ ಹೇಳಿದ ನಂತರವೇ ನಾನು ಸಹಿ ಮಾಡಿದೆ ಎಂದರೆ ಸರಿ."

ಹೆಂಗಸಿನ ವಕೀಲರು ಕುರ್ಚಿಯಿಂದ ಹಾರಿದರು. "ಆಕೆ ಹಾಗೆ ಹೇಳಲೇ ಇಲ್ಲ! ಸರಿಯಲ್ಲ ಅಂದಿದ್ದು. ನಮ್ಮ ಕೇಸೇ ಅದು. ಅದನ್ನೇ ಒಪ್ಕೊಳ್ತಾರಾ?"

ನ್ಯಾಯಾಧೀಶರು ಕನ್ನಡಕ ತೆಗೆದು ನಮ್ಮ ಕಡೆ ನೋಡಿದರು. "ಇದನ್ನ ತಗೊಂಡಿದ್ದು ಯಾರು?"

ನಾನು ಮೇಷ್ಟ್ರ ಮುಖ ನೋಡಿದೆ. ಅವರು ಎದ್ದು ನಿಂತು ಅಂಗಿ ಸರಿಮಾಡಿಕೊಂಡರು. ನನಗೆ ಭಯವೇ ಇರಲಿಲ್ಲ. ಜಡ್ಜ್ ಎದುರು ಎದ್ದು ನಿಂತು ಕೇಳಿದ್ದ ಮನುಷ್ಯ.

"ಮಧ್ಯಾಹ್ನದ ಭಾಗ ಈ ಹುಡುಗಿದು ಸ್ವಾಮಿ. ಹಾಜರಿ ಹಾಳೆ ಇದೆ. ಹೊಸಬಳು."

"ಶಾರ್ಟ್‌ಹ್ಯಾಂಡ್ ಪುಸ್ತಕ?"

"ಇವಳದು ನನ್ನ ಕೈಗೆ ಬಂದಿಲ್ಲ ಸ್ವಾಮಿ."

ಅದು ಅವರ ಇನ್‌ಸ್ಟಿಟ್ಯೂಟಿನ ಬೀರುವಿನಲ್ಲಿತ್ತು. ಮೇಲಿನಿಂದ ಎರಡನೇ ಖಾನೆ. ಕೊಟ್ಟವಳು ನಾನೇ. ಅದರಲ್ಲಿ ನನ್ನ ಗೆರೆಗಳು ನಾಲ್ಕೂವರೆಗೇ ನಿಂತಿದ್ದವು.

ನ್ಯಾಯಾಧೀಶರು ನನ್ನನ್ನು, "ಏನಮ್ಮಾ, ಹೌದಾ?" ಎಂದು ಕೇಳಿದರು.

ಆ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಮೇಷ್ಟ್ರು ಸುಳ್ಳು ಹೇಳುತ್ತಿದ್ದಾರೆ ಎಂದು ಆ ಮೇಜಿನ ಮುಂದೆ, ಅಷ್ಟು ಜನ ವಕೀಲರ ನಡುವೆ ಹೇಳಲು ನನ್ನ ನಾಲಿಗೆ ಏಳಲಿಲ್ಲ. ಏನೋ ಕಾರಣವಿರಬೇಕು, ಹೊರಗೆ ಹೋದ ಮೇಲೆ ಅವರೇ ಸರಿಪಡಿಸುತ್ತಾರೆ ಎಂದುಕೊಂಡೆ. ತಲೆ ತಗ್ಗಿಸಿದೆ. ತಲೆ ತಗ್ಗಿಸಿದ್ದನ್ನು ನ್ಯಾಯಾಧೀಶರು ಒಪ್ಪಿಗೆ ಎಂದು ತೆಗೆದುಕೊಂಡರು.

"ಸಾಕ್ಷಿ ಸಹಿ ಹಾಕಿದ್ದಾರೆ. ತಪ್ಪು ಅಂತ ತೋರ್ಸೋಕೆ ಮೂಲ ಪುಸ್ತಕ ಇಲ್ಲ. ದಾಖಲೆ ಇದ್ದ ಹಾಗೇ ಇರಲಿ" ಎಂದರು ನ್ಯಾಯಾಧೀಶರು. ನನ್ನ ಕಡೆ ತಿರುಗಿ, "ನೀವು ನಾಳೆಯಿಂದ ಬರೋದು ಬೇಡಮ್ಮ" ಎಂದರು. ಗೋಡೆಯ ಪಕ್ಕ ಕೂತಿದ್ದ ಆ ಹೆಂಗಸು ಏನಾಗುತ್ತಿದೆ ಎಂದು ಪಕ್ಕದಲ್ಲಿದ್ದ ಮಗನನ್ನು ಕೇಳುತ್ತಿದ್ದಳು. ಅವನು ಅವಳಿಂದ ಮುಖ ತಿರುಗಿಸಿಕೊಂಡ.

ಹೊರಗೆ ಮೆಟ್ಟಿಲ ಬಳಿ ಮೇಷ್ಟ್ರು ಬೇಗ ಬೇಗ ಇಳಿಯುತ್ತಿದ್ದರು. "ಸಾರ್, ಸಾರ್" ಎಂದು ಎಡಗಡೆಯಿಂದ ಕೂಗಿದೆ. ನಿಲ್ಲಲಿಲ್ಲ. ಓಡಿಹೋಗಿ ಎದುರಿಗೆ ನಿಂತಾಗ ಬೆಚ್ಚಿದರು. "ನಾನೊಂದು ಅರ್ಜಿ ಕೊಟ್ಟು ಸರಿ ಮಾಡ್ತೀನಿ. ನೀನು ಸುಮ್ನಿರು" ಎಂದರು. ಕೊಡಲಿಲ್ಲ. ನಾಲ್ಕಾರು ಸಲ ಇನ್‌ಸ್ಟಿಟ್ಯೂಟಿಗೆ ಹೋದೆ. ತರಗತಿ ನಡೆಸುತ್ತಿದ್ದರು, ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು. ಕೊನೆಗೆ ನಾನು ಹೋಗುವುದನ್ನು ಬಿಟ್ಟೆ. ಸ್ಟೆನೋಗಳ ಪ್ರಪಂಚ ಚಿಕ್ಕದು. ಎರಡು ವರ್ಷ ಯಾರೂ ನನ್ನನ್ನು ಕೆಲಸಕ್ಕೆ ಕರೆಯಲಿಲ್ಲ. ಅಮ್ಮನ ಫ್ಯಾಕ್ಟರಿಯಲ್ಲಿ ಗುಂಡಿ ಹಾಕುತ್ತ, ರಜಾದಿನ ಮೊಬೈಲಿನಲ್ಲಿ ಭಾಷಣ ಹಾಕಿಕೊಂಡು ಬರೆಯುತ್ತ ಕಳೆದೆ. ಕೋರ್ಟಿನ ನೇಮಕಾತಿ ಬಂದಾಗ ಬರೆದೆ. ಆಯ್ಕೆಯಾದೆ. ಮೇಷ್ಟ್ರು ಗುಂಪಿನಲ್ಲಿ ನನ್ನ ಫೋಟೋ ಹಾಕಿ, "ನಮ್ಮ ಹೆಮ್ಮೆಯ ವಿದ್ಯಾರ್ಥಿನಿ" ಎಂದು ಬರೆದರು.

ಈ ಸನ್ಮಾನದ ಸುದ್ದಿ ಬಂದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಬನಶಂಕರಿಯ ಅವರ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲು ತೆರೆದು, "ಬಾಮ್ಮ, ಎಷ್ಟು ವರ್ಷ ಆಯ್ತು!" ಎಂದು ಕೈ ಹಿಡಿದು ಒಳಗೆ ಕರೆದರು. ಮೇಷ್ಟ್ರು ಸೊರಗಿದ್ದರು. ಎರಡೂ ಕಿವಿಯಲ್ಲಿ ಯಂತ್ರ.

ಅದನ್ನು ನೋಡಿದ ಕೂಡಲೇ ಎಲ್ಲ ಒಂದೊಂದಾಗಿ ಕೂಡಿಕೊಂಡಿತು. ನಾನು ಎಡಗಡೆಯೇ ಕೂರಬೇಕೆಂದದ್ದು. ಮೆಟ್ಟಿಲ ಬಳಿ ನನ್ನ ಕೂಗು ಕೇಳದೇ ಹೋದದ್ದು. ನನ್ನ ಪುಸ್ತಕದ ಕಡೆ ಹಾಯಿಸುತ್ತಿದ್ದ ಕಣ್ಣು. ಅವರು ನನ್ನ ಗೆರೆಯ ಚಂದ ನೋಡುತ್ತಿರಲಿಲ್ಲ. ತಮಗೆ ಕೇಳಿಸದ್ದನ್ನು ನನ್ನ ಪುಟದಿಂದ ಓದಿಕೊಳ್ಳುತ್ತಿದ್ದರು. ಆ ದಿನ ಕೊನೆಯ ಅರ್ಧ ಗಂಟೆ ಅವರ ಪಕ್ಕದಲ್ಲಿ ನಾನಿರಲಿಲ್ಲ.

ಹೆಂಡತಿ ಕಾಫಿ ಮಾಡಲು ಒಳಗೆ ಹೋದರು.

"ಆಗಲೇ ಕೇಳಿಸ್ತಿರಲಿಲ್ವಾ ಸಾರ್?"

ಯಾವಾಗ ಎಂದು ಅವರು ಕೇಳಲಿಲ್ಲ. "ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿ ಅರ್ಧ. ಅದಕ್ಕೇ ಬಲಗಡೆ ಸಾಕ್ಷಿ, ಎಡಗಡೆ ನೀನು. ಸರಿ ಅನ್ನೋವರೆಗೆ ಕೇಳಿಸ್ತು. ಅದರ ಮುಂದಿಂದು ಕೇಳಿಸಲಿಲ್ಲ."

"ಎದ್ದು ನಿಂತು ಕೇಳಬಹುದಿತ್ತಲ್ಲ ಸಾರ್."

"ಆ ಮಧ್ಯಾಹ್ನ ಆಗಲೇ ಎರಡು ಸಲ ಕೇಳಿದ್ದೆ. ಮೂರನೇ ಸಲ ಕೇಳಿದ್ರೆ ಎಲ್ಲರಿಗೂ ಗೊತ್ತಾಗೋದು. ಕಿವಿ ಹೋದ ಸ್ಟೆನೋನ ಯಾರಮ್ಮ ಕರೀತಾರೆ?" ಪೇಪರನ್ನು ಮಡಚಿ ಟೀಪಾಯಿಯ ಮೇಲಿಟ್ಟು ಅವರೇ ಮುಂದುವರಿಸಿದರು. "ಆಕೆ ತಲೆ ಅಡ್ಡಡ್ಡ ಆಡಿಸಿದ್ದು ನೋಡಿದ್ದೆ. ಟೈಪ್ ಮಾಡುವಾಗ ಜ್ಞಾಪಕ ಬರ್ಲಿಲ್ಲ. ಅವರ ವಕೀಲರು ಎದ್ದು ನಿಂತ್ರಲ್ಲ, ಆಗ ಬಂತು."

"ಆಗ ಬಂತು. ಬಂದ ಮೇಲೂ ನನ್ನ ಹೆಸರು ಹೇಳಿದ್ರಿ."

"ನಿನಗೆ ವಯಸ್ಸಿತ್ತು ತಾಯಿ. ಬಿದ್ರೂ ಮತ್ತೆ ಎದ್ದು ನಿಲ್ತೀಯ ಅಂತ ಗೊತ್ತಿತ್ತು. ನಿಂತೆ ಕೂಡ. ನನಗೆ ಇನ್ನೇನಿತ್ತು?"

ಇದನ್ನು ಎಷ್ಟು ಮೃದುವಾಗಿ ಹೇಳಿದರೆಂದರೆ, ನನ್ನ ಒಳ್ಳೆಯದಕ್ಕೇ ಮಾಡಿದ ಹಾಗಿತ್ತು. ಅಲ್ಲಿಯವರೆಗೆ ಅಳಬಾರದೆಂದು ಹಲ್ಲು ಕಚ್ಚಿಕೊಂಡಿದ್ದೆ. ಆ ಮಾತಿನಿಂದ ಅಳುವೇ ಇಂಗಿಹೋಯಿತು.

"ಆ ಹೆಂಗಸಿಗೂ ವಯಸ್ಸಿತ್ತಾ ಸಾರ್?"

ಮೇಷ್ಟ್ರು ನನ್ನ ಮುಖವನ್ನೇ ನೋಡಿದರು. ಆಮೇಲೆ ನಿಧಾನವಾಗಿ ಬಲಗಿವಿಯ ಯಂತ್ರ ತೆಗೆದರು, ಎಡಗಿವಿಯದನ್ನೂ ತೆಗೆದರು, ಎರಡನ್ನೂ ಟೀಪಾಯಿಯ ಮೇಲೆ ಪೇಪರಿನ ಪಕ್ಕ ಇಟ್ಟು ಕಣ್ಣು ಮುಚ್ಚಿಕೊಂಡರು. ಅವರ ಹೆಂಡತಿ ಕಾಫಿ ತಂದಾಗ ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ.

ಗೊತ್ತಿದ್ದ ವಕೀಲರೊಬ್ಬರನ್ನು ಕೇಳಿದೆ. ಬಿಲ್ಡರ್ ಪರ ಬಂದ ಆ ತೀರ್ಪನ್ನು ಪ್ರಶ್ನಿಸುವ ಗಡುವು ಮುಗಿದು ವರ್ಷಗಳಾದವು, ಇನ್ನು ಏನೂ ಆಗುವುದಿಲ್ಲ ಎಂದರು. ಬಾವಿ ಇದ್ದ ಜಾಗದಲ್ಲಿ ಈಗ ಕಾರುಗಳು ನಿಲ್ಲುತ್ತವೆ.

ಸನ್ಮಾನದ ದಿನ ನಾನು ಜೆ.ಪಿ. ನಗರಕ್ಕೆ ಹೋಗಲಿಲ್ಲ. ತಲಘಟ್ಟಪುರಕ್ಕೆ ಹೋದೆ. ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಅಂಟಿಕೊಂಡಂತೆ ಉಳಿದ ಹಳೆಯ ಮನೆಯ ಮುಂದೆ ಆಕೆ ಮೊರದಲ್ಲಿ ರಾಗಿ ಆರಿಸುತ್ತ ಕೂತಿದ್ದಳು. ನಾನು ಯಾರೆಂದು ಹೇಳಿದೆ. ಗುರುತು ಸಿಗಲಿಲ್ಲ. ಅಂದು ಬರೆದುಕೊಳ್ಳುತ್ತಿದ್ದ ಹುಡುಗಿ ಎಂದ ಮೇಲೆ ಮೊರ ಕೆಳಗಿಟ್ಟಳು.

ನಡೆದದ್ದನ್ನು ಹೇಳಿದೆ. ಕೊನೆಯ ಅರ್ಧ ಗಂಟೆ ನಾನು ಅಲ್ಲಿರಲಿಲ್ಲ ಎಂಬುದನ್ನು, ಬರೆದುಕೊಂಡವರಿಗೆ ಕಿವಿ ಕೇಳಿಸುತ್ತಿರಲಿಲ್ಲ ಎಂಬುದನ್ನು, ಅವರು ಈಗ ಒಪ್ಪಿಕೊಂಡಿದ್ದಾರೆ ಎಂಬುದನ್ನು. ನ್ಯಾಯಾಧೀಶರು ನನ್ನನ್ನೇ ಕೇಳಿದಾಗ ನಾನು ಬಾಯಿ ಬಿಡಲಿಲ್ಲ ಎಂಬುದನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು.

ಆಕೆ ನನ್ನ ಕೈ ಹಿಡಿದುಕೊಂಡು ಒಂದೇ ಮಾತು ಕೇಳಿದಳು. "ಅಂಗಾದ್ರೆ ನಾನು ಅಲ್ಲ ಅಂತಲೇ ಅಂದಿದ್ದೆ?"

"ಅಲ್ಲ ಅಂತಲೇ ಅಂದಿದ್ರಿ ಅಮ್ಮ."

"ನಂಗೆ ಮರೆವು ಅಂತಾರೆ ಕಣವ್ವ ಇವ್ರೆಲ್ಲ. ವಯಸ್ಸಾಯ್ತು, ವಕೀಲ ಕೇಳಿದ್ದಕ್ಕೆಲ್ಲ ಹೂಂ ಅಂದ್ಬಿಟ್ಟೆ, ಹಿತ್ತಲು ಕಳೆದೋಳು ನೀನೇ ಅಂತಾರೆ. ಅಂದಿನಿಂದ ಒಂದು ಕಾಗದಕ್ಕೆ ನನ್ನ ಸಹಿ ಕೇಳಿಲ್ಲ. ನಾನೂ ಇದ್ರೂ ಇರಬೌದು ಅಂದ್ಕಂಡ್ಬಿಟ್ಟಿದ್ದೆ."

ಸೆರಗಿನಿಂದ ಮುಖ ಒರೆಸಿಕೊಂಡಳು. ಎದ್ದು ನಿಲ್ಲಲು ನನ್ನ ಭುಜ ಹಿಡಿದಳು. ಒಳಗೆ ಟಿವಿಯ ಸದ್ದು ಕೇಳುತ್ತಿತ್ತು.

"ಮಗ ಒಳಗವ್ನೆ. ಸೊಸೆನೂ ಅವ್ಳೆ. ಬಾ, ಈಗ ನಂಗೆ ಹೇಳಿದ್ಯಲ್ಲ, ಅದನ್ನೇ ಅವ್ರ ಮುಂದೆ ಹೇಳು. ಗಟ್ಟಿಯಾಗಿ ಹೇಳು."

ಆಕೆಯ ಹಿಂದೆ ಹೊಸ್ತಿಲು ದಾಟಿದೆ. ಮಗ ಟಿವಿಯಿಂದ ಕಣ್ಣು ತೆಗೆದು, "ಯಾರು ನೀವು?" ಎಂದ. ಆಕೆ ಟಿವಿಯ ಸ್ವಿಚ್ಚು ಆರಿಸಿ ಅವನ ಪಕ್ಕದಲ್ಲೇ ಕೂತಳು. ನಾನು ನಿಂತುಕೊಂಡೇ ಮೊದಲಿನಿಂದ ಹೇಳತೊಡಗಿದೆ.